‘ಲೆಸ್ಸರ್ ಆಫ್ ಟು ಈವಿಲ್ಸ್’ ಅಂದರೆ ಸಮಾಧಾನದ ಮಾತಾ?

ಪ್ರಶ್ನೆ: ಮಾಷ್ಟ್ರೇ, ನನ್ನ ಮಗಳು ಪ್ಲಸ್ ಟು ಓದುತ್ತಿದ್ದಾಳೆ. ಇಂಗ್ಲಿಷ್ ಪ್ರಬಂಧದಲ್ಲಿ ‘ವಿ ಚೋಸ್ ದ ಲೀಸ್ಟ್ ಆಫ್ ಟು ಈವಿಲ್ಸ್’ ಅಂತ ಬರೆದಿದ್ದಳು. ಟೀಚರ್ ಕೆಂಪು ಗೆರೆ ಎಳೆದು ‘ಲೆಸ್ಸರ್’ ಅಂತ ತಿದ್ದಿದ್ದಾರೆ. ಯಾಕೆ? ಆ ಮಾತಿಗೆ ‘ಇಬ್ಬರು ದುಷ್ಟರಲ್ಲಿ ಸಣ್ಣವನು’ ಅಂತಲಾ ಅರ್ಥ? ಇನ್ನೊಂದು ವಿಷಯ. ಎರಡು ವರ್ಷದ ಹಿಂದೆ ನಮ್ಮ ಮಾವನವರಿಗೆ ದೊಡ್ಡ ಕಾಯಿಲೆ ಅಂತ ಗೊತ್ತಾದಾಗ ಅವರಿಗೆ ಹೇಳಲಿಲ್ಲ. ಮನೆಯವರೆಲ್ಲ ಸೇರಿ ಮುಚ್ಚಿಟ್ಟೆವು. ಗಲ್ಫಿನಲ್ಲಿರುವ ಭಾವ ಫೋನಿನಲ್ಲಿ ‘ಇದು ಲೆಸ್ಸರ್ ಆಫ್ ಟು ಈವಿಲ್ಸ್, ಬೇಜಾರು ಮಾಡಬೇಡಿ’ ಅಂದರು. ಮಾವ ಈಗ ಇಲ್ಲ. ಆ ಮಾತು ನೆನಪಾದಾಗಲೆಲ್ಲ ನನಗೆ ಸಮಾಧಾನ ಆಗುವ ಬದಲು ಚುಚ್ಚುತ್ತದೆ. ಕನ್ನಡದಲ್ಲಿ ಇದಕ್ಕೆ ಏನು ಹೇಳುತ್ತೇವೆ?
– ಪೆರ್ಲದ ಓದುಗರೊಬ್ಬರು

ಉತ್ತರ: ಅಕ್ಕಾ, ನಿಮ್ಮ ಕಾಗದದಲ್ಲಿ ಒಂದು ಪ್ರಶ್ನೆ ಮಗಳದ್ದು, ಇನ್ನೊಂದು ನಿಮ್ಮದು. ಮಗಳದ್ದು ಸುಲಭ. ಅದನ್ನು ಮೊದಲು ಮುಗಿಸುತ್ತೇನೆ.

ಟೀಚರ್ ತಿದ್ದಿದ್ದು ಸರಿ. ಇಂಗ್ಲಿಷಿನಲ್ಲಿ ಎರಡನ್ನೇ ಹೋಲಿಸುವಾಗ ಪದದ ರೂಪ ಒಂದು, ಮೂರು ಅಥವಾ ಜಾಸ್ತಿ ಇದ್ದಾಗ ಇನ್ನೊಂದು. ಇಬ್ಬರು ಅಣ್ಣತಮ್ಮಂದಿರಲ್ಲಿ ಎತ್ತರದವನು ‘ಟಾಲರ್’. ಮೂವರಲ್ಲಾದರೆ ‘ಟಾಲೆಸ್ಟ್’. ನಾವು ಕನ್ನಡದಲ್ಲಿ ‘ಇಬ್ಬರಲ್ಲಿ ಇವನೇ ಎತ್ತರ’ ಅಂತೇವೆ, ‘ಮೂವರಲ್ಲಿ ಇವನೇ ಎತ್ತರ’ ಅಂತಲೂ ಅಂತೇವೆ. ಪದ ಬದಲಾಗುವುದೇ ಇಲ್ಲ. ಹಾಗಾಗಿ ಕನ್ನಡ ಮಾಧ್ಯಮದ ಮಕ್ಕಳು ಇಲ್ಲಿ ಎಡವುತ್ತಾರೆ. ಮೂವತ್ತು ವರ್ಷ ಪಾಠ ಮಾಡಿದ ನಾನು ಈ ಒಂದು ತಪ್ಪನ್ನು ಎಷ್ಟು ಸಲ ತಿದ್ದಿದ್ದೇನೋ ಲೆಕ್ಕ ಇಲ್ಲ. ಈ ಮಾತಿನಲ್ಲಿ ‘ಟು’ ಅಂತ ಇರುವುದರಿಂದ ‘ಲೆಸ್ಸರ್’ ಬೇಕು. ಮೂರು ಕೇಡುಗಳಿದ್ದರೆ ‘ಲೀಸ್ಟ್’ ಬರಬಹುದು. ‘ಲೆಸ್ಸರ್’ಗೆ ಮೊದಲು ಬರುವ ‘ದ’ ಬಿಡಬಾರದು, ‘ಈವಿಲ್ಸ್’ ಕೊನೆಯ ‘ಸ್’ ಕೂಡ ಬಿಡಬಾರದು. ಚಿಕ್ಕದಾಗಿ ಹೇಳುವುದಾದರೆ ‘ದ ಲೆಸ್ಸರ್ ಈವಿಲ್’ ಅಂದರೂ ಸರಿ.

ಈಗ ಅರ್ಥ. ‘ಇಬ್ಬರು ದುಷ್ಟರಲ್ಲಿ ಸಣ್ಣವನು’ ಅಲ್ಲ. ಈ ತಪ್ಪು ಮಾಡುವವರು ತುಂಬಾ ಜನ. ‘ಈವಿಲ್’ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ರಾಕ್ಷಸ, ದೆವ್ವ, ಸಿನಿಮಾದ ಖಳ. ಆದರೆ ಆ ಪದಕ್ಕೆ ಹಿಂದಿನಿಂದಲೂ ಇದ್ದ ಅರ್ಥ ತುಂಬ ಅಗಲ. ಕೆಡುಕು, ನಷ್ಟ, ರೋಗ ಎಲ್ಲವೂ ಅದರೊಳಗೆ ಬರುತ್ತಿತ್ತು. ಗಂಡಮಾಲೆ ರೋಗಕ್ಕೆ ಇಂಗ್ಲೆಂಡಿನಲ್ಲಿ ‘ಕಿಂಗ್ಸ್ ಈವಿಲ್’ ಎಂದೇ ಹೆಸರಿತ್ತು. ರಾಜ ಮುಟ್ಟಿದರೆ ಆ ರೋಗ ಗುಣವಾಗುತ್ತದೆ ಅಂತ ಜನ ನಂಬಿದ್ದರು. ಅಲ್ಲಿ ರಾಜನೂ ದುಷ್ಟನಲ್ಲ, ರೋಗಿಯೂ ದುಷ್ಟನಲ್ಲ. 14ನೇ ಶತಮಾನದ ಇಂಗ್ಲಿಷ್ ಕವಿ ಜೆಫ್ರಿ ಚಾಸರ್ ಇದೇ ಮಾತನ್ನು ಹೇಳುವಾಗ ‘ಈವಿಲ್’ ಬಳಸಲೇ ಇಲ್ಲ, ‘ಹಾರ್ಮ್’ ಎಂಬ ಪದ ಬಳಸಿದ. ಎರಡು ಹಾನಿ ಎದುರಿಗಿದ್ದರೆ ಕಡಿಮೆಯದನ್ನು ಆರಿಸಬೇಕು ಅಂತ. ನನಗೆ ಕೇಳಿದರೆ ಕನ್ನಡದ ‘ಕೇಡು’ ಇದಕ್ಕೆ ಸರಿಯಾಗಿ ಕೂರುತ್ತದೆ. ಕೇಡು ಅಂದರೆ ಕೆಟ್ಟ ಕೆಲಸವೂ ಹೌದು, ಕೆಟ್ಟ ಫಲವೂ ಹೌದು.

ಮಾತಿನ ಬೇರು ಇಂಗ್ಲಿಷಿನದ್ದಲ್ಲ. ದೊಡ್ಡ ಕೇಡಿನ ಎದುರು ಸಣ್ಣ ಕೇಡು ಒಳ್ಳೆಯದರ ಲೆಕ್ಕಕ್ಕೆ ಬರುತ್ತದೆ ಅಂತ ಗ್ರೀಕರ ಅರಿಸ್ಟಾಟಲ್ ಸುಮಾರು 2,300 ವರ್ಷದ ಹಿಂದೆಯೇ ಹೇಳಿದ್ದ. ರೋಮಿನ ಸಿಸೆರೊ ಕೂಡ ಕೇಡುಗಳಲ್ಲಿ ಕಡಿಮೆಯದನ್ನು ಆರಿಸುವ ಮಾತು ಬರೆದಿದ್ದಾನೆ. ಇಂಗ್ಲಿಷಿಗೆ ಅದು ಆ ದಾರಿಯಿಂದ ಬಂತು.

ಬಳಸುವಾಗ ಒಂದು ನೆನಪಿರಲಿ. ಎದುರಿಗಿರುವ ಎರಡೂ ಬೇಡವಾದದ್ದೇ ಆಗಿರಬೇಕು. ಇಡ್ಲಿಯೋ ದೋಸೆಯೋ ಅಂತ ಯೋಚಿಸುವಾಗ ಈ ಮಾತು ಬರುವುದಿಲ್ಲ. ಹಾಗಂತ ದೊಡ್ಡ ಧರ್ಮಸಂಕಟವೇ ಆಗಬೇಕು ಅಂತಲೂ ಇಲ್ಲ. ಕಾಸರಗೋಡಿನಿಂದ ಮಂಗಳೂರಿಗೆ ಹೊರಟಿದ್ದೀರಿ. ಹೆದ್ದಾರಿಯಲ್ಲಿ ಧೂಳು, ಬ್ಲಾಕು. ರೈಲಿನಲ್ಲಿ ಕಾಲಿಡಲು ಜಾಗ ಇಲ್ಲ. ಕೊನೆಗೆ ನಿಂತುಕೊಂಡೇ ಹೋಗುವ ಅಂತ ರೈಲು ಹತ್ತಿದಿರಿ. ಇಂಗ್ಲಿಷರು ಇಂಥದ್ದಕ್ಕೂ ‘ದ ಲೆಸ್ಸರ್ ಆಫ್ ಟು ಈವಿಲ್ಸ್’ ಅನ್ನುತ್ತಾರೆ. ಚುನಾವಣೆ ಬಂದಾಗ ಜಾಸ್ತಿ ಕೇಳುತ್ತೀರಿ. ಅಲ್ಲಿ ಇಬ್ಬರು ಮನುಷ್ಯರ ಬಗ್ಗೆ ಹೇಳಿದಂತೆ ಕಾಣುತ್ತದೆ. ಅಲ್ಲಿಯೂ ತೂಗುವುದು ಅವರ ಗುಣವನ್ನಲ್ಲ, ಅವರು ಗೆದ್ದರೆ ಆಗುವ ಕೇಡನ್ನು.

ಇನ್ನು ಕನ್ನಡದಲ್ಲಿ ಏನು ಹೇಳುತ್ತೇವೆ ಅಂತ ಕೇಳಿದಿರಿ. ಇದು ನನಗೆ ತುಂಬ ಇಷ್ಟದ ಪ್ರಶ್ನೆ. ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ.

‘ಅತ್ತ ದರಿ, ಇತ್ತ ಪುಲಿ’ ಅಂತ ಮೊದಲು ನೆನಪಾಗುತ್ತದೆ ಅಲ್ವಾ? ಆಚೆ ಪ್ರಪಾತ, ಈಚೆ ಹುಲಿ. ಬೆಂಗಳೂರು ಕಡೆಯ ಮಕ್ಕಳಿಗೆ ‘ಪುಲಿ’ ಹಳಗನ್ನಡ. ನಮ್ಮ ಕಾಸರಗೋಡಿನವರಿಗೆ ಹಾಗಲ್ಲ. ಪಕ್ಕದ ಮನೆಯ ಮಲಯಾಳದಲ್ಲಿ ಪುಲಿ ಇವತ್ತಿಗೂ ಪುಲಿಯೇ, ತುಳುವಿನಲ್ಲಿ ಪಿಲಿ. ಮಲಯಾಳ ಪೇಪರುಗಳಲ್ಲಿ ‘ಚೆಗುತ್ತಾನುಂ ಕಡಲಿನುಂ ನಡುವಿಲ್’ ಅಂತ ಬರುವುದನ್ನು ನೀವು ನೋಡಿರಬಹುದು. ಸೈತಾನ ಮತ್ತು ಕಡಲಿನ ನಡುವೆ ಅಂತ. ಅದು ಇಂಗ್ಲಿಷಿನ ಮಾತೇ ಮಲಯಾಳಕ್ಕೆ ಇಳಿದದ್ದು. ನಮ್ಮದರಲ್ಲಿ ಕಾಡಿದೆ, ಕಣಿವೆ ಇದೆ.

ಇನ್ನೊಂದು ನಮ್ಮ ತೋಟದ್ದೇ ಮಾತು: ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ. ಊಟ ಆದ ಮೇಲೆ ನನ್ನ ಅಜ್ಜಿ ಜಗಲಿಯಲ್ಲಿ ಕಾಲು ಚಾಚಿ ಕೂತು ಅಡಿಕೆ ಕತ್ತರಿಸುತ್ತಿದ್ದರು. ಎಡಗೈಯಲ್ಲಿ ಅಡಿಕೆ ಹಿಡಿದು ಎರಡು ಬಾಯಿಯ ನಡುವೆ ಇಡುತ್ತಿದ್ದರು. ಒಂದು ಕ್ಷಣ ಸುಮ್ಮನೆ ಹಿಡಿದು ನೋಡುತ್ತಿದ್ದರು, ನಡು ಎಲ್ಲಿ ಅಂತ. ಆಮೇಲೆ ‘ಕಟ್’. ಆ ಒಂದು ಕ್ಷಣ ಅಡಿಕೆ ಅಲ್ಲಾಡುವುದಿಲ್ಲ. ಕೆಳಗೂ ಕಬ್ಬಿಣ, ಮೇಲೂ ಕಬ್ಬಿಣ. ಸಂಕಟದ ಚಿತ್ರಕ್ಕೆ ಇದಕ್ಕಿಂತ ಚೆನ್ನಾದ ಮಾತು ನನಗೆ ಗೊತ್ತಿಲ್ಲ.

ಆದರೆ ಗಮನಿಸಿ. ದರಿ-ಪುಲಿಯಾಗಲಿ, ಅಡಕತ್ತರಿಯಾಗಲಿ ನಮ್ಮ ಅವಸ್ಥೆಯನ್ನು ಹೇಳುತ್ತವೆ. ಅಡಿಕೆ ಏನನ್ನೂ ಆರಿಸುವುದಿಲ್ಲ. ಇಂಗ್ಲಿಷಿನ ಮಾತು ಹೇಳುವುದು ಅವಸ್ಥೆಯನ್ನಲ್ಲ, ಅದರಿಂದ ಹೊರಗೆ ಬರಲು ನಾವು ಮಾಡಿದ ಆಯ್ಕೆಯನ್ನು. ‘ತಲೆಗೆ ಬಂದದ್ದು ಮುಂಡಾಸಿಗೆ ಹೋಯಿತು’ ಅಂತಲೂ ಕೆಲವರು ಅನುವಾದ ಮಾಡುತ್ತಾರೆ. ಅದೂ ಸರಿಯಲ್ಲ. ಅಲ್ಲಿ ಕೇಡು ತಾನಾಗಿ ಸಣ್ಣದಾಯಿತು, ಅದೃಷ್ಟ. ‘ಸರ್ವನಾಶೇ ಸಮುತ್ಪನ್ನೇ ಅರ್ಧಂ ತ್ಯಜತಿ ಪಂಡಿತಃ’ ಎಂಬ ಸುಭಾಷಿತ ಇನ್ನೂ ಹತ್ತಿರ. ಎಲ್ಲವೂ ಹೋಗುತ್ತದೆ ಎನ್ನುವಾಗ ತಿಳಿದವನು ಅರ್ಧ ಬಿಡುತ್ತಾನೆ. ಆದರೆ ಅವನು ಬಿಡುವುದು ತನ್ನದೇ ಅರ್ಧವನ್ನು. ಅದು ನಷ್ಟ, ತಪ್ಪಲ್ಲ.

ಹಾಗಾದರೆ ದಿನದ ಮಾತಿನಲ್ಲಿ ನಾವು ಏನಂತೇವೆ? ‘ಇದ್ದುದರಲ್ಲಿ ಇದೇ ವಾಸಿ.’ ಎಲ್ಲರ ಬಾಯಲ್ಲೂ ಬರುವುದು ಇದೇ. ಅನುವಾದಕರೂ ಇದನ್ನೇ ಬಳಸುತ್ತಾರೆ. ನನಗೆ ಮಾತ್ರ ಇದರಲ್ಲಿ ಒಂದು ಕೊರತೆ ಕಾಣುತ್ತದೆ. ‘ಜ್ವರ ವಾಸಿಯಾಯಿತು’ ಅನ್ನುವಾಗ ಇರುವ ‘ವಾಸಿ’ಯೇ ಇದು. ಆ ಪದದಲ್ಲಿ ಒಂದು ತಂಪು ಇದೆ. ‘ವಾಸಿ’ ಅಂದ ಕೂಡಲೇ ನಾವು ಆರಿಸಿದ್ದು ಒಳ್ಳೆಯದರ ಸಾಲಿಗೆ ಸೇರಿಬಿಡುತ್ತದೆ. ಇಂಗ್ಲಿಷಿನ ಮಾತು ಹಾಗೆ ಮಾಡುವುದಿಲ್ಲ. ‘ಲೆಸ್ಸರ್’ ಅಂದ ಮೇಲೂ ‘ಈವಿಲ್’ ಅಲ್ಲೇ ಕೂತಿರುತ್ತದೆ. ಕಡಿಮೆ ಆಯಿತು, ಆದರೆ ಕೇಡು ಕೇಡೇ. ಆದ್ದರಿಂದ ನಾನು ಮಕ್ಕಳಿಗೆ ‘ಎರಡೂ ಕೇಡೇ, ಇದು ಸ್ವಲ್ಪ ಸಣ್ಣದು’ ಅಂತ ಹೇಳಿಕೊಡುತ್ತಿದ್ದೆ. ಉದ್ದವಾಯಿತು. ಆದರೆ ಏನೂ ಬಿಟ್ಟುಹೋಗಲಿಲ್ಲ.

ಹತ್ತಿರದ ಎರಡು ಇಂಗ್ಲಿಷ್ ಮಾತುಗಳನ್ನು ಮಗಳು ಇದರ ಜೊತೆ ಬೆರೆಸದ ಹಾಗೆ ನೋಡಿಕೊಳ್ಳಿ. ‘ಹಾಬ್ಸನ್ಸ್ ಚಾಯ್ಸ್’ ಅಂದರೆ ಆಯ್ಕೆಯೇ ಇಲ್ಲದ ಆಯ್ಕೆ. ಕೇಂಬ್ರಿಡ್ಜಿನಲ್ಲಿ ಥಾಮಸ್ ಹಾಬ್ಸನ್ ಅಂತ ಕುದುರೆ ಬಾಡಿಗೆಗೆ ಕೊಡುವವನಿದ್ದ, 1631ರಲ್ಲಿ ತೀರಿಕೊಂಡ. ಬಾಗಿಲ ಹತ್ತಿರದ ಕುದುರೆ ತಗೊಳ್ಳಿ, ಇಲ್ಲದಿದ್ದರೆ ಬಿಡಿ ಅನ್ನುತ್ತಿದ್ದ. ಅಷ್ಟೇ.

ಇನ್ನೊಂದು ‘ನೆಸೆಸರಿ ಈವಿಲ್’, ಅಂದರೆ ಬೇಡದಿದ್ದರೂ ಬಿಡಲಾಗದ ಕೇಡು. ಈ ಮಾತು ಎಲ್ಲಿಗೆ ಮುಟ್ಟಿಸಬಹುದು ಅಂತ ಪೆರ್ಲದವರಿಗೆ ನಾನು ಹೇಳಬೇಕಾಗಿಲ್ಲ. ನಿಮ್ಮ ಎಣ್ಮಕಜೆ ಪಂಚಾಯತಿನ ಗುಡ್ಡಗಳ ಗೇರು ತೋಟಕ್ಕೆ 1970ರ ದಶಕದ ಕೊನೆಯಿಂದ 2000ದವರೆಗೂ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿಟ್ಟರು. ಚಿಗುರು, ಹೂವು ಹೀರುವ ಕೀಟ ಇದೆ, ಮದ್ದು ಬಿಡದಿದ್ದರೆ ಗೇರು ಇಲ್ಲ ಅನ್ನುವುದು ಆಗಿನ ಲೆಕ್ಕ. ಆ ಲೆಕ್ಕದಲ್ಲಿ ಕೆಳಗೆ ಗುಡ್ಡ ಕೊರೆದು ನೀರು ತೆಗೆಯುವ ಸುರಂಗ ಇರಲಿಲ್ಲ, ತೊಟ್ಟಿಲ ಮಕ್ಕಳು ಇರಲಿಲ್ಲ. ಸಿಂಪಡಣೆ ನಿಂತ ಮೇಲೂ ಗೇರು ಮರ ಹೂ ಬಿಟ್ಟಿತು. 2011ರಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶದಲ್ಲೇ ಆ ಮದ್ದನ್ನು ತಡೆಯಿತು. ಯಾರಾದರೂ ‘ಇದು ಬೇಕೇ ಬೇಕಾದ ಕೇಡು’ ಅಂದರೆ ನನಗೆ ಈಗಲೂ ಹೊಟ್ಟೆ ತೊಳಸುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ.

ಕೆಲವು ವರ್ಷದ ಹಿಂದೆ ಒಂದು ಮಳೆಗಾಲ, ಬದಿಯಡ್ಕದ ಹತ್ತಿರ ತಾಳಮದ್ದಳೆ ಕೂಟಕ್ಕೆ ಹೋಗಿದ್ದೆ. ಹೊರಗೆ ಜಡಿಮಳೆ, ಚೆಂಡೆಯ ಸದ್ದೂ ಸರಿಯಾಗಿ ಕೇಳದಷ್ಟು. ರಾವಣ ಬಂದು ಮಾರೀಚನನ್ನು ಚಿನ್ನದ ಜಿಂಕೆಯಾಗು ಅಂತ ಒತ್ತಾಯಿಸುವ ಭಾಗ. ನಿಮಗೆ ಕಥೆ ಗೊತ್ತು. ಹೋದರೆ ರಾಮನ ಬಾಣ, ಹೋಗದಿದ್ದರೆ ರಾವಣನ ಕತ್ತಿ. ಹೇಗೂ ಸಾವೇ ಆದರೆ ರಾಮನ ಕೈಯಲ್ಲೇ ಸಾಯುತ್ತೇನೆ ಅಂತ ಮಾರೀಚ ತೀರ್ಮಾನ ಮಾಡುತ್ತಾನೆ. ಲೆಸ್ಸರ್ ಆಫ್ ಟು ಈವಿಲ್ಸ್‌ಗೆ ಇದಕ್ಕಿಂತ ಸರಿಯಾದ ಉದಾಹರಣೆ ಬೇಕಾ? ಇಷ್ಟು ವರ್ಷ ನಾನೂ ಹಾಗೇ ಅಂದುಕೊಂಡಿದ್ದೆ. ಆ ದಿನ ಮಾರೀಚನ ಅರ್ಥ ಹೇಳುತ್ತಿದ್ದವರು ವಯಸ್ಸಾದವರು. ಹೆಗಲ ಶಾಲು ಸರಿಮಾಡಿಕೊಂಡರು. ತಗ್ಗಿದ ಸ್ವರದಲ್ಲಿ ಹೇಳಿದರು: ‘ನಾನು ಸಾಯುವ ಕೈ ಯಾವುದು ಅಂತ ನಾನು ಆರಿಸಿಕೊಂಡೆ. ಸೀತೆಯನ್ನು ಯಾರೂ ಕೇಳಲಿಲ್ಲ.’

ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಮನೆಗೆ ಬರುವಾಗ ದಾರಿಯುದ್ದಕ್ಕೂ ಅದೇ ತಲೆಯಲ್ಲಿತ್ತು. ಸಣ್ಣ ಕೇಡು ಅಂತ ಆರಿಸುತ್ತೇವೆ. ಯಾರಿಗೆ ಸಣ್ಣದು? ಮಾರೀಚನಿಗೆ ಸಣ್ಣದು. ಸೀತೆಗೆ?

2020ರ ಮಾರ್ಚ್ ಕೊನೆಯಲ್ಲಿ ಕೇರಳದ ಜೊತೆಗಿನ ನಮ್ಮ ಗಡಿಯನ್ನು ಕರ್ನಾಟಕ ಮುಚ್ಚಿತಲ್ಲ, ಆಗಲೂ ಇದೇ ಪ್ರಶ್ನೆ. ತಲಪಾಡಿಯಲ್ಲಿ ತಡೆ, ಒಳದಾರಿಗಳಲ್ಲಿ ಲಾರಿಯಿಂದ ಸುರಿದ ಮಣ್ಣಿನ ರಾಶಿ. ಕೊರೊನಾ ಹರಡುವುದು ದೊಡ್ಡ ಕೇಡು, ದಾರಿ ಮುಚ್ಚುವುದು ಸಣ್ಣ ಕೇಡು ಅನ್ನುವುದು ಲೆಕ್ಕ. ಸಣ್ಣದು ಹೌದು, ಆ ಕಡೆಯವರಿಗೆ. ಮಂಜೇಶ್ವರದವರಿಗೆ ಮಂಗಳೂರಿನ ಆಸ್ಪತ್ರೆಯೇ ಹತ್ತಿರ. ಕಣ್ಣೂರು ಅದರ ಎಷ್ಟೋ ಪಾಲು ದೂರ. ಗಡಿಯಿಂದ ಆಂಬುಲೆನ್ಸ್ ವಾಪಸು ಬಂದದ್ದು, ಚಿಕಿತ್ಸೆ ಸಿಗದೆ ತೀರಿಕೊಂಡದ್ದು ಪೇಪರಿನಲ್ಲಿ ಓದುತ್ತಿದ್ದೆವು. ವಿಷಯ ಕೇರಳ ಹೈಕೋರ್ಟಿಗೆ ಹೋಯಿತು, ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. ಏಪ್ರಿಲಿನಲ್ಲಿ, ತುರ್ತು ರೋಗಿಗಳನ್ನು ತಲಪಾಡಿಯಲ್ಲಿ ತಪಾಸಣೆ ಮಾಡಿ ಬಿಡುವುದು ಅಂತ ಒಪ್ಪಿಗೆಯಾಯಿತು. ನೋಡಿ, ಮೂರನೆಯ ದಾರಿ ಇತ್ತು. ಮೊದಲ ದಿನವೂ ಇತ್ತು. ‘ಎರಡೇ ಇರುವುದು’ ಅಂತ ಗಟ್ಟಿಯಾಗಿ ಹೇಳಿದಾಗ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಗಾಂಧೀಜಿ 1920ರಲ್ಲಿ ಬರೆದದ್ದು ಇಲ್ಲಿ ನೆನಪಾಗುತ್ತದೆ. ಹೇಡಿತನ, ಹಿಂಸೆ ಎರಡೇ ಇದ್ದರೆ ಹಿಂಸೆಯನ್ನೇ ಆರಿಸು ಎನ್ನುತ್ತೇನೆ ಅಂದಿದ್ದರು ಅವರು. ಕೇಳಿದವರಿಗೆ ಆಶ್ಚರ್ಯ ಆಗಬಹುದು. ಆದರೆ ಅಲ್ಲಿಗೇ ನಿಲ್ಲಲಿಲ್ಲ. ಅಹಿಂಸೆ ಎರಡಕ್ಕಿಂತಲೂ ಎಷ್ಟೋ ಮೇಲು ಅಂತ ಅದರ ಜೊತೆಗೇ ಹೇಳಿದರು. ಎರಡು ಕೇಡನ್ನು ತೂಗಿಯೂ ತೂಗಿದರು, ಮೂರನೆಯದನ್ನು ಹುಡುಕುವುದನ್ನೂ ಬಿಡಲಿಲ್ಲ.

ನಿಮ್ಮ ಮಾವನವರ ವಿಷಯ ಹೇಳುವ ಮೊದಲು ನನ್ನದನ್ನು ಹೇಳುತ್ತೇನೆ. ನನ್ನ ಅಮ್ಮನಿಗೂ ಹೀಗೇ ಆಗಿತ್ತು. ಡಾಕ್ಟರ ಕೋಣೆಯಿಂದ ರಿಪೋರ್ಟಿನ ಕವರು ಹಿಡಿದುಕೊಂಡು ಹೊರಗೆ ಬಂದೆ. ಅಮ್ಮ ಬೆಂಚಿನಲ್ಲಿ ಕೂತಿದ್ದರು, ಮಡಿಲಲ್ಲಿ ಚೀಲ, ಚೀಲದ ಮೇಲೆ ಎರಡೂ ಕೈ. ‘ಏನಂತೆ?’ ಅಂದರು. ‘ಏನಿಲ್ಲ ಅಮ್ಮ, ಗ್ಯಾಸು’ ಅಂದೆ. ಅಮ್ಮ ನನ್ನ ಮುಖ ನೋಡಿದರು. ಕವರು ನೋಡಿದರು. ಆಮೇಲೆ ‘ಹಾಗಾದರೆ ಒಂದು ಚಾಯ ಕುಡಿಯುವ’ ಅಂದರು. ಮತ್ತೆ ಯಾವತ್ತೂ ಕೇಳಲಿಲ್ಲ.

ನಾನೂ ಆವಾಗ ಅದೇ ಲೆಕ್ಕ ಹಾಕಿದ್ದೆ. ಹೇಳಿದರೆ ಧೈರ್ಯ ಕುಸಿಯುತ್ತದೆ, ಅದು ದೊಡ್ಡ ಕೇಡು. ಸುಳ್ಳು ಸಣ್ಣ ಕೇಡು. ಆ ಲೆಕ್ಕ ಪೂರ್ತಿ ತಪ್ಪು ಅಂತ ಈಗಲೂ ಹೇಳುವುದಿಲ್ಲ. ಆದರೆ ಮಾರೀಚನ ಮಾತು ಕೇಳಿದ ಮೇಲೆ ಒಂದು ಒಪ್ಪಿಕೊಂಡೆ. ಆ ಸುಳ್ಳಿನಲ್ಲಿ ಅರ್ಧ ಅಮ್ಮನಿಗಾಗಿ ಇತ್ತು, ಅರ್ಧ ನನಗಾಗಿ. ಹೇಳುವ ಧೈರ್ಯ ನನಗಿರಲಿಲ್ಲ. ಮೂರನೆಯ ದಾರಿಯೂ ಇತ್ತು. ‘ನಿಮಗೆ ಎಲ್ಲ ಹೇಳಬೇಕಾ ಅಮ್ಮ, ಇಲ್ಲ ನಾವೇ ನೋಡಿಕೊಳ್ಳಬೇಕಾ?’ ಅಂತ ಅವರನ್ನೇ ಕೇಳಬಹುದಿತ್ತು. ಎಷ್ಟು ಬೇಕೋ ಅಷ್ಟನ್ನೇ ಕೇಳಿಕೊಳ್ಳುತ್ತಿದ್ದರು. ಮನೆಯಲ್ಲಿ ಈಗ ಇಂಥ ಕಾಯಿಲೆಯವರು ಇದ್ದು ಈ ಕಾಗದ ಓದುವವರಿದ್ದರೆ, ದಯವಿಟ್ಟು ಅದನ್ನು ಕೇಳಿ.

ನಿಮ್ಮ ಮನೆಯಲ್ಲಿ ಆದದ್ದು ನನ್ನದರ ಹಾಗೆಯೇ ಅಂತ ನಾನು ಹೇಳಲಾರೆ. ಮಾವನವರ ಸ್ವಭಾವ ನಿಮಗೆ ಗೊತ್ತು, ನನಗಲ್ಲ. ನೀವು ಆರಿಸಿದ್ದು ನಿಜವಾಗಿಯೂ ಸಣ್ಣ ಕೇಡೇ ಇರಬಹುದು. ಆದರೆ ಭಾವ ಆ ಮಾತನ್ನು ಬಳಸಿದ ರೀತಿ ಸರಿ ಇರಲಿಲ್ಲ. ಅವರ ಮನಸ್ಸು ಒಳ್ಳೆಯದೇ. ದೂರದಲ್ಲಿ ಕೂತು ನಿಮ್ಮ ಭಾರ ಇಳಿಸಲು ನೋಡಿದರು. ಆದರೆ ‘ಲೆಸ್ಸರ್ ಆಫ್ ಟು ಈವಿಲ್ಸ್’ ಅಂದ ಮೇಲೆ ‘ಬೇಜಾರು ಮಾಡಬೇಡಿ’ ಸೇರುವುದಿಲ್ಲ. ಅವರು ಇಂಗ್ಲಿಷಿನಲ್ಲಿ ಹೇಳಿ ಮನಸ್ಸಿನಲ್ಲಿ ‘ಇದ್ದುದರಲ್ಲಿ ವಾಸಿ’ ಅಂದುಕೊಂಡರು. ನೀವು ‘ಈವಿಲ್’ ಅನ್ನುವುದನ್ನು ಕೇಳಿಸಿಕೊಂಡಿರಿ. ನೀವು ಕೇಳಿಸಿಕೊಂಡದ್ದೇ ಸರಿ.

ನಾಜಿಗಳ ಕೈಯಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದ ಚಿಂತಕಿ ಹನ್ನಾ ಅರೆಂಟ್ 1964ರಲ್ಲಿ ಇದನ್ನೇ ಹೇಳಿದ್ದರು. ಸಣ್ಣ ಕೇಡನ್ನು ಆರಿಸಿದವರು ತಾವು ಆರಿಸಿದ್ದು ಕೇಡು ಅನ್ನುವುದನ್ನೇ ಬಹಳ ಬೇಗ ಮರೆಯುತ್ತಾರೆ ಅಂತ. ಅವರು ಮಾತಾಡುತ್ತಿದ್ದುದು ಹಿಟ್ಲರನ ಆಡಳಿತದೊಳಗೆ ಕೆಲಸ ಮಾಡಿದವರ ಬಗ್ಗೆ. ನಮ್ಮ ಮನೆಯ ಸುಳ್ಳುಗಳಿಗೂ ಅದಕ್ಕೂ ಅಜಗಜಾಂತರ. ಆದರೆ ನೀವು ಮರೆತಿಲ್ಲ. ಎರಡು ವರ್ಷ ಆದರೂ ಚುಚ್ಚುತ್ತಿದೆ ಅಂತ ಬರೆದಿದ್ದೀರಿ. ಅದನ್ನು ಕಾಯಿಲೆ ಅಂತ ತಿಳಿಯಬೇಡಿ, ಹೋಗಲಾಡಿಸಲು ಜಾಸ್ತಿ ಕಷ್ಟಪಡಬೇಡಿ. ಮಾವನವರನ್ನು ಪ್ರೀತಿಸಿದವರಿಗೆ ಮಾತ್ರ ಅದು ಚುಚ್ಚುವುದು.

ಮಗಳಿಗೆ ಒಂದು ವಾಕ್ಯ ಕೊಡುತ್ತೇನೆ, ಬರೆದುಕೊಳ್ಳಲಿ: ‘ನೈದರ್ ಚಾಯ್ಸ್ ವಾಸ್ ಗುಡ್, ವಿ ಟುಕ್ ವಾಟ್ ಸೀಮ್ಡ್ ದ ಲೆಸ್ಸರ್ ಆಫ್ ಟು ಈವಿಲ್ಸ್.’ ಎರಡೂ ಒಳ್ಳೆಯದಿರಲಿಲ್ಲ, ಸಣ್ಣದು ಅಂತ ಕಂಡದ್ದನ್ನು ಆರಿಸಿದೆವು ಅಂತ ಅರ್ಥ. ‘ಸೀಮ್ಡ್’ ಬಿಡಬಾರದು. ಆ ಹೊತ್ತಿಗೆ ನಮಗೆ ಕಂಡದ್ದು ಅಷ್ಟೇ ಅಂತ ಅದು ಹೇಳುತ್ತದೆ.

ಮತ್ತೆ ಅಕ್ಕಾ, ಅವಳು ಬರೆದ ವಾಕ್ಯವನ್ನು ಇನ್ನೊಮ್ಮೆ ನೋಡಿ. ‘ಐ’ ಅಂತ ಬರೆದಿಲ್ಲ, ‘ವಿ’ ಅಂತ ಬರೆದಿದ್ದಾಳೆ. ಪ್ರಬಂಧ ಯಾವುದರ ಬಗ್ಗೆ ಅಂತ ನೀವು ತಿಳಿಸಿಲ್ಲ. ಅಜ್ಜ ಹೋದಾಗ ಅವಳೂ ಆ ಮನೆಯಲ್ಲೇ ಇದ್ದಳಲ್ಲ. ನೋಟ್ ಪುಸ್ತಕ ತೆಗೆದು ಒಮ್ಮೆ ಪೂರ್ತಿ ಓದಿ. ಇಲ್ಲವೇ ಅವಳ ಹತ್ತಿರ ಕೂತು, ಓದಿ ಹೇಳು ಅಂತ ಕೇಳಿ.